ಅಡಿಟಿಪ್ಪಣಿಯ ಋಣ

ಸಂಶೋಧನ ವಿದ್ಯಾರ್ಥಿಗಳಿಗೆ ನಾನು ಮಾರ್ಗದರ್ಶನ ಮಾಡುತ್ತಿದ್ದ ಕಾಲದಲ್ಲಿ ಅವರಲ್ಲೊಬ್ಬರು, “ಸಾರ್, ವಿಷಯ ಸರಿಯಾಗಿದ್ದರೆ ಸಾಲದೆ? ಯಾರು ಮೊದಲು ಹೇಳಿದರೆಂದು ಪುಟಪುಟಕ್ಕೂ ಬರೆಯಬೇಕೆ?” ಎಂದು ಕೇಳಿದ್ದುಂಟು. ನಾನು ಕನ್ನಡದ ಮೇಷ್ಟರಾದರೂ ಉತ್ತರವನ್ನು ವಿಜ್ಞಾನದ ಚರಿತ್ರೆಯಿಂದ ಹೇಳುತ್ತಿದ್ದೆ.

ಗ್ರೆಗೊರ್ ಮೆಂಡೆಲ್ ಇಂದಿನ ಜೆಕ್ ನಾಡಿನ ಬ್ರ್ನೊ ಪಟ್ಟಣದ ಮಠವೊಂದರ ಸನ್ಯಾಸಿ. ವರ್ಷಗಟ್ಟಲೆ ಬಟಾಣಿ ಗಿಡಗಳನ್ನು ಬೆಳೆಸಿ, ಗುಣಗಳು ತಲೆಮಾರಿನಿಂದ ತಲೆಮಾರಿಗೆ ಒಂದು ಲೆಕ್ಕಕ್ಕೆ ಒಳಪಟ್ಟು ಇಳಿದುಬರುತ್ತವೆ ಎಂಬುದನ್ನು ಕಂಡುಕೊಂಡರು. 1865ರಲ್ಲಿ ಅಲ್ಲಿನ ನಿಸರ್ಗವಿಜ್ಞಾನ ಸಂಘದಲ್ಲಿ ಅವರು ಓದಿದ ಪ್ರಬಂಧ ಮರುವರ್ಷ ಅಚ್ಚಾಯಿತು. ಅದರ ತೂಕವನ್ನು ಅರಿತವರು ಇಲ್ಲವೆಂದೇ ಹೇಳಬೇಕು. 1884ರಲ್ಲಿ ಮೆಂಡೆಲ್ ತೀರಿಕೊಂಡರು.

ಆ ಪ್ರಬಂಧ ಕತ್ತಲಿನಲ್ಲಿ ಪೂರ್ತಿ ಕರಗಿಹೋಗದಂತೆ ಕಾಪಾಡಿದವುಗಳಲ್ಲಿ ಒಂದು ಉಲ್ಲೇಖ ಮುಖ್ಯವಾದುದು. ಜರ್ಮನಿಯ ವಿಲ್ಹೆಲ್ಮ್ ಫೋಕೆ 1881ರಲ್ಲಿ ಸಸ್ಯಸಂಕರವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಮೆಂಡೆಲರ ಬಟಾಣಿ ಪ್ರಯೋಗಗಳನ್ನು ನಮೂದಿಸಿದರು. ಅವುಗಳ ತಿರುಳು ಫೋಕೆಯವರಿಗೂ ಹೊಳೆದಿರಲಿಲ್ಲ. ಆದರೂ ಓದಿದ್ದನ್ನು ಪ್ರಾಮಾಣಿಕವಾಗಿ ದಾಖಲಿಸಿದರು.

1900ರಲ್ಲಿ ಇದೇ ತತ್ತ್ವ ಮತ್ತೆ ಬೆಳಕಿಗೆ ಬಂತು. ಹಾಲೆಂಡಿನ ಹ್ಯೂಗೊ ದ ವ್ರೀಸ್ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದ ಟಿಪ್ಪಣಿಯಲ್ಲಿ ಮೆಂಡೆಲರ ಹೆಸರೇ ಇರಲಿಲ್ಲ. ಅವರ ಜರ್ಮನ್ ಲೇಖನದಲ್ಲಿ ಇತ್ತು. ಫ್ರೆಂಚ್ ಟಿಪ್ಪಣಿಯನ್ನು ಕಂಡ ಕಾರ್ಲ್ ಕೊರೆನ್ಸ್, ತಾವೂ ಅದೇ ಫಲಿತಾಂಶವನ್ನು ಪಡೆದಿದ್ದರೂ, ತಮ್ಮ ಲೇಖನದ ಶೀರ್ಷಿಕೆಯಲ್ಲೇ ಅದನ್ನು ಮೆಂಡೆಲರ ನಿಯಮವೆಂದು ಕರೆದರು. ತನಗೂ ದಕ್ಕಬಹುದಾಗಿದ್ದ ಕೀರ್ತಿಯನ್ನು ಸತ್ತವರಿಗೆ ಸಲ್ಲಿಸುವುದು ಸಣ್ಣ ಮಾತಲ್ಲ.

ನಮ್ಮಲ್ಲೂ ಇದಕ್ಕೆ ಸಾಟಿಯಾದ ನಿದರ್ಶನವುಂಟು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ವಿಮಲ, ಉದಯ, ನಾಗಾರ್ಜುನ ಮೊದಲಾದ ಹಿಂದಿನ ಕನ್ನಡ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಗದ್ಯಕೃತಿಗಳು ನಮಗೆ ದೊರೆತಿಲ್ಲ. ಆ ಒಂದು ಸ್ಮರಣೆ ಇಲ್ಲದಿದ್ದರೆ ಅವರು ಬರೆದಿದ್ದರೆಂಬ ಸಂಗತಿಯೂ ನಮಗೆ ತಿಳಿಯುತ್ತಿರಲಿಲ್ಲ.

ಇಷ್ಟನ್ನೆಲ್ಲ ಹೇಳುವ ನಾನೂ ತಪ್ಪಿತಸ್ಥನೇ. ಅಧ್ಯಾಪಕನಾದ ಹೊಸತರಲ್ಲಿ, ವಿದ್ಯಾರ್ಥಿಯೊಬ್ಬ ಸೂಚಿಸಿದ ಶಾಸನಪಾಠವೊಂದನ್ನು ಅವನ ಹೆಸರು ಹೇಳದೆ ನನ್ನ ಲೇಖನದಲ್ಲಿ ಬಳಸಿಕೊಂಡೆ. ಅದನ್ನು ಓದಿ ಅವನು ಏನೂ ಅನ್ನಲಿಲ್ಲ. ಮತ್ತೊಮ್ಮೆ ಯಾವ ಪಾಠವನ್ನೂ ತಂದು ತೋರಿಸಲೂ ಇಲ್ಲ. ಒಂದು ಸಾಲಿನ ಅಡಿಟಿಪ್ಪಣಿಯಿಂದ ತೀರಬಹುದಾಗಿದ್ದ ಆ ಋಣ ಇಂದಿಗೂ ನನ್ನ ಮೇಲಿದೆ.