ಮೋಡಿಯ ಬರಹ, ಅಚ್ಚಿನ ಅಕ್ಷರ

ಅಚ್ಚಿನ ಅಕ್ಷರ ಎಲ್ಲರಿಗೂ ಎಟುಕುವ ಈ ಕಾಲದಲ್ಲಿ ಕೂಡಿಸಿ ಬರೆಯುವ ಕೈಬರಹ ಇನ್ನೇಕೆ ಎಂದು ನಮ್ಮ ಯುವಕರು ಕೇಳುವುದುಂಟು. ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಸೀಮೆಯ ಹಳೆಯ ದಫ್ತರುಗಳನ್ನು ಬಿಚ್ಚಿದರೆ ಸಾಕು.

ಪೇಶ್ವೆಯರ ಆಳಿಕೆ 1818ರಲ್ಲಿ ಮುಗಿದರೂ ಅವರ ಬರವಣಿಗೆ ಇಲ್ಲಿಂದ ಹೋಗಲಿಲ್ಲ. ಜನರು ಆಡುವುದು ಕನ್ನಡ. ದಫ್ತರದ ಭಾಷೆ ಬಹುಮಟ್ಟಿಗೆ ಮರಾಠಿ, ಅದರ ಲಿಪಿ ಮೋಡಿ. ಭಾವೆ ಮನೆತನದ ರಾಮದುರ್ಗ ಸಂಸ್ಥಾನವಂತೂ 1948ರವರೆಗೆ ಉಳಿದಿತ್ತು. ಮೋಡಿಯ ಗುಣ ವೇಗ. ಕಾಗದದ ಉದ್ದಕ್ಕೂ ಮೊದಲು ತಲೆಗೆರೆ ಎಳೆದು, ಲೇಖನಿಯನ್ನು ಆದಷ್ಟು ಎತ್ತದೆ ಅದರ ಕೆಳಗೆ ಅಕ್ಷರಗಳನ್ನು ಪೋಣಿಸುತ್ತ ಹೋಗುವುದು. ಹ್ರಸ್ವದೀರ್ಘಗಳ ಗೊಡವೆಯೂ ಅಷ್ಟಾಗಿ ಇಲ್ಲ. ಕನ್ನಡಕ್ಕೂ ಇಂತಹ ಮೋಡಿ ಇತ್ತೆಂಬುದಕ್ಕೆ ಶೃಂಗೇರಿ ಮಠದ ಕಡತಗಳೇ ಸಾಕ್ಷಿ. ವಿಲಿಯಂ ಕೇರಿಯವರ ಮರಾಠಿ ನಿಘಂಟು 1810ರಲ್ಲಿ ಶ್ರೀರಾಮಪುರದಲ್ಲಿ ಮೋಡಿಯ ಮೊಳೆಗಳಲ್ಲಿಯೇ ಅಚ್ಚಾಯಿತು. ಆದರೆ ಮುದ್ರಣಾಲಯಗಳು ಕ್ರಮೇಣ ಬಿಡಿಬಿಡಿಯಾದ ಬಾಳಬೋಧವನ್ನು ಹಿಡಿದವು; ಶಾಲೆಗಳು ಮೋಡಿಯನ್ನು ಬಿಟ್ಟವು. ಇಂದು ಸವದತ್ತಿಯ ಕಡೆಯ ರೈತನು ಮುತ್ತಜ್ಜನ ಖರೇದಿಪತ್ರವನ್ನು ಕೈಯಲ್ಲಿ ಹಿಡಿದು, ತನ್ನ ಹೊಲದ ಎಲ್ಲೆ ಯಾವುದೆಂದು ಓದಿ ಹೇಳುವವರನ್ನು ಊರೂರು ಅರಸಬೇಕಾಗಿದೆ.

ಇದು ಕೈಬರಹದ ದೋಷವೆನ್ನೋಣವೇ? ಕಿತ್ತೂರಿನ ಪ್ರಸಂಗ ಬೇರೊಂದನ್ನು ಹೇಳುತ್ತದೆ. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜರು ನಿಸ್ಸಂತಾನರಾಗಿ ತೀರಿಕೊಂಡರು. ದತ್ತಕವನ್ನು ತಿಳಿಸುವ ಪತ್ರ ಕೈಸೇರಿದಾಗ, ಸಹಿ ನಿಜವಾಗಿಯೂ ದೊರೆಯದೇ ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸಂಶಯಪಟ್ಟನು. ಆ ಸಂಶಯದಲ್ಲಿ ರಾಜ್ಯದಾಸೆಯೂ ಬೆರೆತಿತ್ತೆಂದೇ ನನ್ನ ಎಣಿಕೆ. ದತ್ತಕ ಮಾನ್ಯವಾಗಲಿಲ್ಲ, ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು, ಕಡೆಗೆ ರಾಣಿ ಚೆನ್ನಮ್ಮಾಜಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದರು. ಒಂದು ಸಂಸ್ಥಾನದ ವ್ಯಾಜ್ಯಕ್ಕೆ ಸಹಿಯ ಗೆರೆಯೊಂದು ನೆಪವಾಯಿತು. ಅಚ್ಚಿನ ಮೊಳೆಯನ್ನು ನೋಡಿ ಇದು ಯಾರ ಕೈ ಎಂದು ಯಾರೂ ಕೇಳಲಾರರು.

ನಮ್ಮ ದೇವಾಲಯಗಳ ಜ್ಞಾನಸ್ನಾನದ ದಾಖಲೆಗಳೂ ಕೈಬರಹವೇ. ಹಳೆಯವು ಲತೀನ್ ಭಾಷೆಯಲ್ಲಿ, ಓರೆಯಾಗಿ ಹರಿಯುವ ಅಕ್ಷರಗಳಲ್ಲಿವೆ. ಅವುಗಳಲ್ಲಿ ‘ಎನ್’ ಯಾವುದು, ‘ಯು’ ಯಾವುದು ಎಂದು ಹೇಳುವುದು ಕಷ್ಟ. ಹಿಂದೊಮ್ಮೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಆತುರದಲ್ಲಿ ಒಂದನ್ನು ಮತ್ತೊಂದೆಂದು ಓದಿ ಒಬ್ಬ ವೃದ್ಧರಿಗೆ ತಪ್ಪು ಹೆಸರಿನ ಪ್ರಮಾಣಪತ್ರ ಬರೆದುಕೊಟ್ಟೆ. ಅದರಿಂದ ಅವರು ಪಿಂಚಣಿಗಾಗಿ ಕಚೇರಿಗೆ ನಾಲ್ಕು ಬಾರಿ ಅಲೆದರು. ಅಂದಿನಿಂದ ದಾಖಲೆಯಲ್ಲಿ ಹೆಸರುಗಳನ್ನು ಅಚ್ಚಿನಂತೆ ಬಿಡಿಬಿಡಿಯಾಗಿ ಬರೆಯುತ್ತೇನೆ. ಕೊನೆಯ ಸಹಿಯನ್ನು ಮಾತ್ರ ಕೂಡಿಸಿಯೇ ಹಾಕುತ್ತೇನೆ.