ತುರ್ತು ಕರೆಗಳ ದಟ್ಟಣೆ ಮತ್ತು ಕಾಫಿ ಮಲೆಗಳ ಕಚೇರಿ ದೂರವಾಣಿ

ಅವಘಡದ ಹೊತ್ತಿನಲ್ಲಿ ಕಚೇರಿಯೊಂದಕ್ಕೆ ಅದರ ಲೈನುಗಳಿಗೂ ಸಿಬ್ಬಂದಿಗೂ ಮೀರಿ ಕರೆಗಳು ಬರುತ್ತವೆ. ಅವು ಎಂಗೇಜ್ ಟೋನಿಗೆ ಸಿಕ್ಕಿ ಕಳೆದುಹೋಗದಂತೆ ಸಾಲಿನಲ್ಲಿ ಕಾಯಿಸುವ ಅಥವಾ ಬೇರೆ ಕಡೆಗೆ ತಿರುಗಿಸುವ ಏರ್ಪಾಡೇ ತುರ್ತು ಕರೆ ದಟ್ಟಣೆ ನಿರ್ವಹಣೆ. ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್‌ಗಿರಿ, ಮೂಡಿಗೆರೆ, ಕಳಸದ ಕಾಫಿ ಸೀಮೆಗೆ ಇದರ ಅಗತ್ಯ ಪ್ರತಿ ಮುಂಗಾರಿನಲ್ಲೂ ಎದುರಾಗುತ್ತದೆ. ಮರ ಬಿದ್ದು ಕರೆಂಟು ಹೋಗುವುದು, ಧರೆ ಕುಸಿದು ರಸ್ತೆ ಮುಚ್ಚುವುದು, ಭದ್ರೆ ಉಕ್ಕಿ ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗುವುದು ಎಷ್ಟೋ ಸಲ ಒಂದೇ ರಾತ್ರಿ ನಡೆದುಬಿಡುತ್ತವೆ.

ಈ ಸಮಸ್ಯೆಯ ಗಣಿತವನ್ನು ಮೊದಲು ಬಿಡಿಸಿದವನು ಕೋಪನ್‌ಹೇಗನ್ ದೂರವಾಣಿ ಕಂಪನಿಯ ಎ. ಕೆ. ಎರ್ಲಾಂಗ್. ಅವನು 1917ರಲ್ಲಿ ಪ್ರಕಟಿಸಿದ ಸೂತ್ರಗಳು ಇಂದಿಗೂ ಬಳಕೆಯಲ್ಲಿವೆ. ಗಂಟೆಗೆ 60 ಕರೆ, ಪ್ರತಿ ಕರೆಗೆ ಸರಾಸರಿ 3 ನಿಮಿಷ ಎಂದಿಟ್ಟುಕೊಂಡರೆ, ಅವನ ಹೆಸರಿನದೇ ಅಳತೆಯಲ್ಲಿ ಹೊರೆ 3 ಎರ್ಲಾಂಗ್. ಅದಕ್ಕೆ 3 ಲೈನು ಸಾಕೆಂದು ತೋರುತ್ತದೆ. ಆದರೆ ಕರೆಗಳು ಸರದಿ ನೋಡಿಕೊಂಡು ಬರುವುದಿಲ್ಲ. ಹಾಗಾಗಿ 3 ಲೈನುಗಳಿದ್ದರೆ ಮೂರರಲ್ಲಿ ಒಂದು ಕರೆ ಎಂಗೇಜ್ ಆಗುತ್ತದೆ. 6 ಲೈನುಗಳಿದ್ದರೆ ಅದು ನೂರಕ್ಕೆ ಐದಕ್ಕೆ, 8 ಇದ್ದರೆ ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಕರೆ ಸಿಗದವರು ಮತ್ತೆ ಮತ್ತೆ ಒತ್ತುವುದರಿಂದ ನಿಜವಾದ ಹೊರೆ ಲೆಕ್ಕಕ್ಕಿಂತ ಹೆಚ್ಚೇ ಇರುತ್ತದೆ.

ಲೈನು ಸಿಕ್ಕರೂ ಸರದಿಯಲ್ಲಿ ಕಾಯಬೇಕಾದರೆ ಏನಾಗಬಹುದೆಂಬುದು 1935ರ ನವೆಂಬರ್‌ನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಬೆಂಕಿ ಅನಾಹುತದಲ್ಲಿ ತಿಳಿಯಿತು. ಅಗ್ನಿಶಾಮಕ ದಳವನ್ನು ಕರೆಯಲು ಹೊರಟ ನೆರೆಯವರ ಕರೆ ಎಕ್ಸ್‌ಚೇಂಜಿನ ಸಾಲಿನಲ್ಲೇ ನಿಂತಿತು. ಐವರು ಮಹಿಳೆಯರು ಸತ್ತರು. ಇದರ ಬಳಿಕ 1937ರಲ್ಲಿ ಬಂದ 999 ತುರ್ತು ಸಂಖ್ಯೆಯ ಕರೆಗೆ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪವೂ ಸದ್ದೂ ಇದ್ದುವು. ಎಲ್ಲ ಕರೆಗಳೂ ಒಂದೇ ಸಾಲಿನಲ್ಲಿ ನಿಲ್ಲಬೇಕಿಲ್ಲ ಎಂಬ ತತ್ವ ಆಡಳಿತದಲ್ಲಿ ನೆಲೆಯಾಗಲು ಐದು ಜೀವಗಳೇ ಹೋಗಬೇಕಾಯಿತು.

ಕೈಯಿಂದ ಜೋಡಿಸುವ ಎಕ್ಸ್‌ಚೇಂಜುಗಳ ಕಾಲದಲ್ಲಿ ಭಾರತದಲ್ಲಿ ಆದ್ಯತೆ ದುಡ್ಡಿಗೆ ಸಿಗುತ್ತಿತ್ತು: ಸಾಮಾನ್ಯ ಟ್ರಂಕ್ ಕಾಲ್, ಅದಕ್ಕಿಂತ ದುಬಾರಿ ಅರ್ಜೆಂಟ್ ಕಾಲ್, ಎಲ್ಲಕ್ಕಿಂತ ದುಬಾರಿ ಲೈಟ್ನಿಂಗ್ ಕಾಲ್. ಹಳ್ಳಿಗಳಿಗೆ ಸ್ವಯಂಚಾಲಿತ ಸೇವೆ ತಲುಪಿಸಿದ್ದು 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಎಕ್ಸ್‌ಚೇಂಜ್. 128 ಪೋರ್ಟುಗಳ ಈ ಯಂತ್ರ 1986ರಲ್ಲಿ ಮೊದಲು ಕೆಲಸ ಮಾಡಿದ್ದು ಕರ್ನಾಟಕದ ಕಿತ್ತೂರಿನಲ್ಲಿ. ಡಿಜಿಟಲ್ ಎಕ್ಸ್‌ಚೇಂಜುಗಳ ಜತೆಗೆ ಹಂಟಿಂಗ್ ಸೌಲಭ್ಯ ಸಣ್ಣ ಊರುಗಳ ಕಚೇರಿಗಳಿಗೂ ಕೈಗೆಟುಕಿತು. ಹಲವು ಲೈನುಗಳಿಗೆ ಒಂದೇ ಮುಖ್ಯ ಸಂಖ್ಯೆ ಕೊಟ್ಟರೆ, ಮೊದಲನೆಯದು ಎಂಗೇಜ್ ಇದ್ದಾಗ ಎಕ್ಸ್‌ಚೇಂಜೇ ಮುಂದಿನದನ್ನು ಹುಡುಕಿಕೊಳ್ಳುತ್ತದೆ. ಮುಂದೆ ಒಂದೇ ಸಂಪರ್ಕದಲ್ಲಿ 30 ಕರೆಗಳನ್ನು ತರುವ ಪಿಆರ್‌ಐ ಲೈನು, ಕರೆಗಳನ್ನು ಸಾಲಿನಲ್ಲಿಟ್ಟು ಬಿಡುವಾದವರಿಗೆ ಹಂಚುವ ಇಪಿಎಬಿಎಕ್ಸ್ ಬಂದವು.

ಲೈನು ಹೆಚ್ಚಿಸಿದರಷ್ಟೇ ಸಾಲದು, ಉತ್ತರಿಸುವವರೂ ಬೇಕು. ಶಾಖಾ ಕಚೇರಿಯಲ್ಲಿ ರಾತ್ರಿ ಪಾಳಿಗೆ ಇರುವವರು ಒಬ್ಬಿಬ್ಬರಾದರೆ ಎಂಟು ಲೈನುಗಳಿದ್ದರೂ ಗಂಟೆ ಬಡಿದುಕೊಳ್ಳುತ್ತಿರುತ್ತದೆ. ಆದ್ದರಿಂದ ಕರೆಗಳನ್ನು ದೂರದ ದೊಡ್ಡ ಕೇಂದ್ರಕ್ಕೆ ಒಯ್ಯುವ ಪದ್ಧತಿ ಬೆಳೆಯಿತು. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಆರಂಭವಾದ ‘ಆರೋಗ್ಯ ಕವಚ’ 108 ಆಂಬುಲೆನ್ಸ್ ಸೇವೆ ಇದೇ ಮಾದರಿಯದು. ಚಿಕ್ಕಮಗಳೂರು ಜಿಲ್ಲೆಯ ವಿದ್ಯುತ್ ದೂರುಗಳು 1912ರ ಮೂಲಕ ಮೆಸ್ಕಾಂಗೆ, ಕಾಡಾನೆ ಮೊದಲಾದ ದೂರುಗಳು 1926ರ ಮೂಲಕ ಅರಣ್ಯ ಇಲಾಖೆಗೆ ಹೋಗುತ್ತವೆ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸೇವೆಗಳನ್ನು ಒಟ್ಟುಗೂಡಿಸುವ 112 ರಾಜ್ಯಕ್ಕೆ 2019ರಲ್ಲಿ ಬಂತು.

ದೂರದ ಕೇಂದ್ರಕ್ಕೂ ಅದರದೇ ತೊಡಕುಗಳಿವೆ. 2022ರ ಸೆಪ್ಟೆಂಬರ್ ಕೊನೆಯಲ್ಲಿ 108ರ ಗಣಕ ವ್ಯವಸ್ಥೆ ಕೆಟ್ಟಾಗ ಸಿಬ್ಬಂದಿ ವಿವರಗಳನ್ನು ಕೈಯಾರೆ ಬರೆದುಕೊಳ್ಳಬೇಕಾಯಿತು. ಪ್ರತಿ ಕರೆಗೂ ಹಿಡಿಯುವ ಹೊತ್ತು ಹೆಚ್ಚಿದರೆ, ಕರೆಗಳ ಸಂಖ್ಯೆ ಅಷ್ಟೇ ಇದ್ದರೂ ಎರ್ಲಾಂಗ್ ಲೆಕ್ಕದಲ್ಲಿ ಹೊರೆ ಹೆಚ್ಚಿದಂತೆಯೇ. ವಿಳಾಸ ಹೇಳುವುದು ತಡವಾದಾಗಲೂ ಇದೇ ಆಗುತ್ತದೆ. ಮಲೆನಾಡಿನಲ್ಲಿ ಮನೆಗಳು ಎಸ್ಟೇಟಿನ ಹೆಸರಿನಿಂದ, ಕಾರ್ಮಿಕರ ಲೈನ್ ಮನೆಯಿಂದ, ಹಳ್ಳದ ಆಚೆ ಈಚೆ ಎಂಬ ಗುರುತಿನಿಂದ ತಿಳಿಯುತ್ತವೆ. ಆ ಸೀಮೆ ಗೊತ್ತಿರುವವರು ಅರ್ಧ ನಿಮಿಷದಲ್ಲಿ ಗ್ರಹಿಸುವುದನ್ನು ಗೊತ್ತಿಲ್ಲದವರು ಮೂರು ನಾಲ್ಕು ಸಲ ಕೇಳಬೇಕಾಗುತ್ತದೆ. ಹೀಗಾಗಿ ಜಿಲ್ಲಾ ಕೇಂದ್ರದ 1077 ಸಹಾಯವಾಣಿಯೂ ಮಳೆಗಾಲದಲ್ಲಿ ತಾಲ್ಲೂಕು ಕಚೇರಿಗಳಲ್ಲಿ ತೆರೆಯುವ ಕಂಟ್ರೋಲ್ ರೂಮುಗಳೂ ಇಂದಿಗೂ ಅನಿವಾರ್ಯ.

ದೂರದ ಕೇಂದ್ರವನ್ನೇ ನೆಚ್ಚುವ ಬಯಲುಸೀಮೆಯ ಮಾದರಿಯನ್ನು ಇಲ್ಲಿಗೆ ಹಾಗೇ ತರಲಾಗದಿರುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಕರೆಗಳನ್ನು ಹೆಚ್ಚಿಸುವ ಮಳೆಯೇ ಕರೆಯ ದಾರಿಯನ್ನೂ ಕಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಮೊದಲಾದೆಡೆ ಗುಡ್ಡ ಕುಸಿಯಿತು, ಚಾರ್ಮಾಡಿ ಘಾಟಿ ಮುಚ್ಚಿತು. ಇಂಥ ದಿನಗಳಲ್ಲಿ ಕಂಬ ಉರುಳಿದ ಕಡೆ ಟವರುಗಳು ಬ್ಯಾಟರಿ ಇಲ್ಲವೆ ಡೀಸೆಲ್ ಇರುವವರೆಗೆ ಮಾತ್ರ ನಡೆಯುತ್ತವೆ. ರಸ್ತೆಯಂಚಿನ ಆಪ್ಟಿಕಲ್ ಫೈಬರ್ ಕೇಬಲ್ ಧರೆಯೊಡನೆಯೇ ಕೊಚ್ಚಿಹೋಗಬಹುದು. ‘ಉತ್ತರ ಬಾರದಿದ್ದರೆ ಇನ್ನೊಂದು ಸಂಖ್ಯೆಗೆ ಕಳಿಸು’ ಎಂದು ಮಾಡಿಟ್ಟ ಏರ್ಪಾಡಿನಲ್ಲಿ ಎರಡೂ ಸಂಖ್ಯೆಗಳು ಒಂದೇ ಕೇಬಲ್ಲಿನ ಮೇಲಿದ್ದರೆ ಅದರಿಂದ ಪ್ರಯೋಜನವಿಲ್ಲ. ಈ ಕಾರಣಕ್ಕೆ ಮಲೆನಾಡಿನ ಕಚೇರಿಗೆ ಬೇಕಾದದ್ದು ಬೇರೆ ಬೇರೆ ದಾರಿಯ ಎರಡು ಸಂಪರ್ಕಗಳು, ಇನ್ವರ್ಟರ್ ಅಥವಾ ಜನರೇಟರ್, ಬೇರೆ ಕಂಪನಿಯ ಸಿಮ್ ಇರುವ ಮೊಬೈಲಿಗೆ ಕರೆ ತಿರುಗಿಸುವ ಅನುಕೂಲ. ಎಲ್ಲವೂ ಕೈಕೊಟ್ಟಾಗ ಉಳಿಯುವುದು ಸಾರ್ವಜನಿಕ ದೂರವಾಣಿ ಜಾಲವನ್ನು ನೆಚ್ಚದ ಪೊಲೀಸ್ ವೈರ್‌ಲೆಸ್.