ತಿಳಿ ವೈನಿನ ಹಿಂದಿನ ಕಥೆ: ಮೀನಿನ ಗಾಳಿಚೀಲದಿಂದ ಜೇಡಿಮಣ್ಣಿನವರೆಗೆ

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಯೂರೋಪಿನಿಂದ ದೂರವಾಣಿ ಕರೆ ಮಾಡಿದ. ಅಲ್ಲಿ ಅವನು ಸಂಶೋಧನೆಗೆಂದು ಹೋಗಿದ್ದ. 'ಸರ್, ಅಂಗಡೀಲಿ ಒಂದು ವೈನ್ ಬಾಟಲಿ ಮೇಲೆ ಸಸ್ಯಾಹಾರಿಗಳಿಗೆ ಸೂಕ್ತ ಅಂತ ಬರೆದಿದೆ. ಪಕ್ಕದ ಬಾಟಲಿ ಮೇಲೆ ಇಲ್ಲ. ಎರಡೂ ದ್ರಾಕ್ಷಿ ರಸವೇ ತಾನೆ? ಹಾಗಾದರೆ ಎರಡು ವರ್ಷದಿಂದ ಇಲ್ಲಿನ ಔತಣಗಳಲ್ಲಿ ನಾನು ಕುಡಿದದ್ದು ಏನು?' ಮೊಟ್ಟೆಯನ್ನೂ ಮುಟ್ಟದ ಮನೆಯಿಂದ ಬಂದ ಹುಡುಗ ಅವನು. ದನಿಯಲ್ಲಿ ಕುತೂಹಲಕ್ಕಿಂತ ಕಳವಳವೇ ಹೆಚ್ಚಾಗಿತ್ತು.

ಮದ್ಯಪಾನವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅವನ ಪ್ರಶ್ನೆ ನೇರವಾಗಿ ನಮ್ಮ ಭೌತವಿಜ್ಞಾನದ ತರಗತಿಗೆ ಬಂದು ಸೇರುತ್ತದೆ. ಬಗ್ಗಡವಾದ ದ್ರವ ತಿಳಿಯಾಗುವುದು ಹೇಗೆ? ಈ ಒಂದು ಪ್ರಶ್ನೆಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ.

ಬಗ್ಗಡ ಎಂದರೇನು?

ದ್ರಾಕ್ಷಿ ರಸ ಹುದುಗಿ ವೈನ್ ಆದಾಗ ಅದು ಅಂಗಡಿಯ ಬಾಟಲಿಯಲ್ಲಿ ಕಾಣುವಂತೆ ಪಾರದರ್ಶಕವಾಗಿರುವುದಿಲ್ಲ. ಸತ್ತ ಯೀಸ್ಟ್ ಕೋಶಗಳು, ಹಣ್ಣಿನ ತಿರುಳಿನ ಚೂರುಗಳು, ಪ್ರೋಟೀನುಗಳು, ಪೆಕ್ಟಿನ್, ಸಿಪ್ಪೆ ಮತ್ತು ಬೀಜದಿಂದ ಬಂದ ಟ್ಯಾನಿನ್ ಎಲ್ಲವೂ ಅದರಲ್ಲಿ ತೇಲುತ್ತಿರುತ್ತವೆ. ದೊಡ್ಡ ಕಣಗಳು ಕೆಲವು ದಿನಗಳಲ್ಲಿ ಪೀಪಾಯಿಯ ತಳ ಸೇರಿ ಗಷ್ಟಾಗುತ್ತವೆ. ತೊಂದರೆ ಕೊಡುವುದು ಸಣ್ಣವು. 1861ರಲ್ಲಿ ಥಾಮಸ್ ಗ್ರಹಾಮ್ ಇಂಥ ಸ್ಥಿತಿಯ ದ್ರವ್ಯಕ್ಕೆ 'ಕೊಲಾಯ್ಡ್' ಎಂದು ಹೆಸರಿಟ್ಟರು. ಕನ್ನಡದಲ್ಲಿ ನಾವು ಕಲಿಲ ಎನ್ನುತ್ತೇವೆ.

ಸಣ್ಣ ಕಣ ಏಕೆ ಕೆಳಗಿಳಿಯುವುದಿಲ್ಲ ಎಂಬುದಕ್ಕೆ 1851ರಲ್ಲಿ ಸ್ಟೋಕ್ಸ್ ಕೊಟ್ಟ ನಿಯಮವೇ ಸಾಕು. ದ್ರವದಲ್ಲಿ ಇಳಿಯುವ ಗೋಳದ ವೇಗ ಅದರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ಕಣದ ತ್ರಿಜ್ಯ 0.1 ಮೈಕ್ರೊಮೀಟರ್ ಇರಲಿ. ಅದರ ಸಾಂದ್ರತೆ ವೈನಿಗಿಂತ ಘನ ಸೆಂಟಿಮೀಟರಿಗೆ 0.3 ಗ್ರಾಂ ಹೆಚ್ಚಿರಲಿ. ವೈನಿನ ಸ್ನಿಗ್ಧತೆ ನೀರಿನ ಒಂದೂವರೆ ಪಟ್ಟು ಎಂದಿಟ್ಟುಕೊಳ್ಳೋಣ. ಆಗ ಕಣ ದಿನಕ್ಕೆ ಇಳಿಯುವ ದೂರ ಸುಮಾರು 0.4 ಮಿಲಿಮೀಟರ್. ಒಂದು ಮೀಟರ್ ಎತ್ತರದ ಪೀಪಾಯಿಯ ತಳ ಮುಟ್ಟಲು ಏಳು ವರ್ಷ ಬೇಕು! ಕಣ ಇನ್ನೂ ಹತ್ತು ಪಟ್ಟು ಚಿಕ್ಕದಾದರೆ ಏಳು ವರ್ಷವೂ ಸಾಲದು. 1827ರಲ್ಲಿ ರಾಬರ್ಟ್ ಬ್ರೌನ್ ಕಂಡ, 1905ರಲ್ಲಿ ಐನ್‌ಸ್ಟೈನ್ ವಿವರಿಸಿದ ಅಣುಗಳ ತಳ್ಳಾಟ ಅದನ್ನು ಮೇಲೆಯೇ ಹಿಡಿದಿಡುತ್ತದೆ.

ಇದರ ಜೊತೆಗೆ ಇನ್ನೊಂದು ಕಾರಣವಿದೆ. ಒಂದೇ ಬಗೆಯ ಕಣಗಳ ಮೇಲೆ ಒಂದೇ ಬಗೆಯ ವಿದ್ಯುದಾವೇಶ ಇರುತ್ತದೆ. ಅವು ಪರಸ್ಪರ ವಿಕರ್ಷಿಸುವುದರಿಂದ ಕೂಡಿ ದೊಡ್ಡದಾಗುವುದಿಲ್ಲ. ಹಾಗಾದರೆ ಉಪಾಯವೂ ಸ್ಪಷ್ಟ. ಅವುಗಳನ್ನು ಒಟ್ಟುಗೂಡಿಸುವ ಮಧ್ಯವರ್ತಿಯೊಂದನ್ನು ಒಳಗೆ ಬಿಡಬೇಕು. ಕಣಗಳು ಗರಣೆಗಟ್ಟಿ ತ್ರಿಜ್ಯ ನೂರು ಪಟ್ಟಾದರೆ ವೇಗ ಹತ್ತು ಸಾವಿರ ಪಟ್ಟಾಗಬೇಕು. ಗರಣೆ ಹತ್ತಿಯಂತೆ ಸಡಿಲವಾಗಿದ್ದು ಸಾಂದ್ರತೆಯ ವ್ಯತ್ಯಾಸ ಹತ್ತರಲ್ಲೊಂದಕ್ಕೆ ಇಳಿದರೂ ಏಳು ವರ್ಷದ ಪಯಣ ಮೂರು ದಿನದೊಳಗೆ ಮುಗಿಯುತ್ತದೆ.

ನಮಗೆ ಹೊಸದಲ್ಲ

ಈ ಉಪಾಯ ನಮ್ಮ ಹಳ್ಳಿಗಳಿಗೆ ಚೆನ್ನಾಗಿ ಗೊತ್ತು. ಕೆರೆಯ ರಾಡಿ ನೀರಿಗೆ ಪಟಿಕ ಆಡಿಸುತ್ತಿದ್ದರು. ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ನೀರು ತುಂಬುತ್ತಿದ್ದರು. ಇದೇ ಸಂಸ್ಕೃತದ ಕತಕ. ನೀರು ತಿಳಿಗೊಳಿಸುವ ವಸ್ತುಗಳ ಪಟ್ಟಿಯಲ್ಲಿ ಸುಶ್ರುತ ಸಂಹಿತೆ ಇದನ್ನು ಹೆಸರಿಸಿದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ ಕೊಳೆಯನ್ನು ಮೇಲೆತ್ತುತ್ತಾರೆ. ಸಿಹಿತಿಂಡಿ ಮಾಡುವವರು ಸಕ್ಕರೆ ಪಾಕಕ್ಕೆ ನಾಲ್ಕು ಚಮಚ ಹಾಲು ಹಾಕಿ, ಮೇಲೆ ಬಂದ ಕೊಳೆಯ ನೊರೆಯನ್ನು ಸೌಟಿನಿಂದ ತೆಗೆಯುತ್ತಾರೆ. ಹಾಲಿನ ಪ್ರೋಟೀನು ಹೆಪ್ಪುಗಟ್ಟುವಾಗ ಕಶ್ಮಲವನ್ನು ತನ್ನೊಡನೆ ಸೆಳೆದು ತರುತ್ತದೆ. ವೈನ್ ತಯಾರಕರು ಮಾಡಿದ್ದೂ ಇದನ್ನೇ. ಅವರ ಕೈಗೆ ಸುಲಭವಾಗಿ ಸಿಕ್ಕ ಪ್ರೋಟೀನುಗಳು ಮಾತ್ರ ಬೇರೆ.

ಮೊಟ್ಟೆ, ಮೀನು, ರಕ್ತ

ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ಕವಿ ಹೊರೇಸ್, ಪಾರಿವಾಳದ ಮೊಟ್ಟೆಯಿಂದ ವೈನಿನ ಮಡ್ಡಿಯನ್ನು ತಳಕ್ಕೆ ಕೂಡಿಸುವ ಕ್ರಮವನ್ನು ತನ್ನ ವಿಡಂಬನ ಕಾವ್ಯದಲ್ಲಿ ಪ್ರಸ್ತಾಪಿಸುತ್ತಾನೆ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ 225 ಲೀಟರಿನ ಒಂದು ಪೀಪಾಯಿ ಕೆಂಪು ವೈನಿಗೆ ಐದಾರು ಕೋಳಿಮೊಟ್ಟೆಗಳ ಬಿಳಿಯನ್ನು ಕಲಸಿ ಹಾಕುವುದು ಇಂದಿಗೂ ನಡೆದುಬಂದಿರುವ ಪದ್ಧತಿ. ವೈನಿನ ಆಮ್ಲೀಯತೆಯಲ್ಲಿ (ಪಿಎಚ್ 3ರಿಂದ 4) ಮೊಟ್ಟೆಯ ಪ್ರೋಟೀನು ಧನ ಆವೇಶ ಪಡೆಯುತ್ತದೆ. ಒಗರು ಟ್ಯಾನಿನ್ನುಗಳು ಅದಕ್ಕೆ ಅಂಟಿಕೊಂಡು ಕೆಳಗಿಳಿಯುತ್ತವೆ. ವೈನ್ ತಿಳಿಯಾಗುವುದಷ್ಟೇ ಅಲ್ಲ, ನಾಲಿಗೆಗೂ ಮೃದುವಾಗುತ್ತದೆ.

ಬಿಳಿ ವೈನಿಗೆ ಮತ್ತು ಬಿಯರಿಗೆ ಹೆಸರಾಂತ ವಸ್ತು ಐಸಿಂಗ್ಲಾಸ್. ಹೆಸರು ಕೇಳಿ ಗಾಜು ಎಂದುಕೊಳ್ಳಬೇಡಿ. ಇದು ಮೀನಿನ ಗಾಳಿಚೀಲವನ್ನು ಒಣಗಿಸಿದ್ದು. ಸ್ಟರ್ಜನ್ ಮೀನಿನ ಚೀಲ ಎಂಬ ಅರ್ಥದ ಡಚ್ ಪದದಿಂದ ಈ ಹೆಸರು ಬಂದಿದೆ. ಹದಿನೆಂಟನೆಯ ಶತಮಾನದಲ್ಲಿ ರಷ್ಯಾದಿಂದ ಬರುತ್ತಿದ್ದ ಈ ಸರಕು ಬ್ರಿಟನ್ನಿನಲ್ಲಿ ಬಲು ದುಬಾರಿ. 1795ರಲ್ಲಿ ವಿಲಿಯಂ ಮರ್ಡಾಕ್ ಅಗ್ಗದ ಕಾಡ್ ಮೀನಿನಿಂದ ಇದಕ್ಕೆ ಬದಲಿಯನ್ನು ತಯಾರಿಸಿದರು. ಜೇಮ್ಸ್ ವಾಟ್ ಅವರ ಸಂಸ್ಥೆಯಲ್ಲಿದ್ದು ಕಲ್ಲಿದ್ದಲ ಅನಿಲದಿಂದ ದೀಪ ಉರಿಸಿದ ಎಂಜಿನಿಯರ್ ಇವರೇ. ಲಂಡನ್ನಿನ ಬಿಯರ್ ತಯಾರಕರು ಅದರ ಬಳಕೆಗಾಗಿ ಅವರಿಗೆ 2000 ಪೌಂಡ್ ಕೊಟ್ಟರು.

ಐಸಿಂಗ್ಲಾಸ್ ಎಂದರೆ ಬಹುಪಾಲು ಕೊಲ್ಲಾಜೆನ್. ಪ್ರಾಣಿಗಳ ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿರುವ ಇದೇ ಪ್ರೋಟೀನಿನ ಅಣುರಚನೆ ಮೂರು ಎಳೆಯ ಹುರಿಯಂತಿದೆ ಎಂಬುದನ್ನು 1954-55ರಲ್ಲಿ ಮದರಾಸಿನಲ್ಲಿ ತೋರಿಸಿಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಬೆಂಗಳೂರಿನಲ್ಲಿ ಸಿ.ವಿ. ರಾಮನ್ನರ ಶಿಷ್ಯರಾಗಿದ್ದವರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕು. ಆ ಹುರಿ ಕೆಡದಂತೆ ತಣ್ಣಗಿನ ಆಮ್ಲದಲ್ಲಿ ಕರಗಿಸಿದರೆ ಐಸಿಂಗ್ಲಾಸ್ ದ್ರಾವಣ ಸಿಗುತ್ತದೆ. ಚರ್ಮ, ಮೂಳೆಗಳನ್ನು ಬಿಸಿನೀರಿನಲ್ಲಿ ಬೇಯಿಸಿ ಹುರಿ ಬಿಚ್ಚಿಹೋದರೆ ಅದು ಜೆಲಾಟಿನ್. ಎರಡೂ ವೈನ್ ತಿಳಿಗೊಳಿಸುತ್ತವೆ. ಉದ್ದನೆಯ ಹುರಿಯಿರುವ ಐಸಿಂಗ್ಲಾಸ್ 100 ಲೀಟರಿಗೆ ಒಂದೆರಡು ಗ್ರಾಂ ಇದ್ದರೆ ಸಾಕು.

ದನದ ರಕ್ತವನ್ನೂ ಯೂರೋಪಿನಲ್ಲಿ ಬಹುಕಾಲ ಬಳಸುತ್ತಿದ್ದರು. ರಕ್ತದ ಆಲ್ಬುಮಿನ್ ಮಾಡುವ ಕೆಲಸವೂ ಮೊಟ್ಟೆಯ ಬಿಳಿಯದೇ. ಹುಚ್ಚು ಹಸು ರೋಗದ ಭೀತಿ ಹಬ್ಬಿದಾಗ, 1997ರಲ್ಲಿ, ಯೂರೋಪಿಯನ್ ಒಕ್ಕೂಟ ಅದನ್ನು ನಿಷೇಧಿಸಿತು. ಸಸ್ಯಾಹಾರಿಗಳ ಆಕ್ಷೇಪ ಮಾಡಿಸದ ಕೆಲಸವನ್ನು ರೋಗಭಯ ಮಾಡಿಸಿತು.

ಮಣ್ಣು ಮಾಡಿದ ಕ್ರಾಂತಿ

1898ರಲ್ಲಿ ಭೂವಿಜ್ಞಾನಿ ವಿಲ್ಬರ್ ನೈಟ್ ಅಮೆರಿಕದ ವಯೋಮಿಂಗ್ ರಾಜ್ಯದ ಒಂದು ಜೇಡಿಮಣ್ಣಿಗೆ ಬೆಂಟೊನೈಟ್ ಎಂದು ಹೆಸರಿಟ್ಟರು. ಜ್ವಾಲಾಮುಖಿಯ ಬೂದಿ ಕಾಲಾಂತರದಲ್ಲಿ ಮಾರ್ಪಟ್ಟು ಆದ ಮಣ್ಣು ಇದು. ಇದರ ಪದರಗಳ ದಪ್ಪ ಸುಮಾರು ಒಂದು ನ್ಯಾನೊಮೀಟರ್. ಪದರಗಳಲ್ಲಿ ಅಲ್ಯೂಮಿನಿಯಂ ಇರಬೇಕಾದ ಕೆಲವು ಸ್ಥಾನಗಳಲ್ಲಿ ಮೆಗ್ನೀಸಿಯಂ ಕುಳಿತಿರುವುದರಿಂದ ಋಣ ಆವೇಶ ಉಳಿಯುತ್ತದೆ. ನೀರಿನಲ್ಲಿ ಉಬ್ಬಿ ಪದರಗಳು ಬಿಡಿಬಿಡಿಯಾದಾಗ ಒಂದು ಗ್ರಾಂ ಮಣ್ಣಿನ ಮೇಲ್ಮೈ ಸುಮಾರು 700 ಚದರ ಮೀಟರ್, ಅಂದರೆ ನಾಲ್ಕು ವಾಲಿಬಾಲ್ ಅಂಕಣಗಳಿಗಿಂತ ಹೆಚ್ಚು. ವೈನಿನ ಧನ ಆವೇಶದ ಪ್ರೋಟೀನುಗಳು ಈ ಋಣ ಮೇಲ್ಮೈಗೆ ಅಂಟಿ ತಳ ಸೇರುತ್ತವೆ.

1934ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸೇವೆಲ್ ಇದನ್ನು ವೈನ್ ತಿಳಿಗೊಳಿಸಲು ಬಳಸಬಹುದೆಂದು ಪ್ರಕಟಿಸಿದರು. ಅಮೆರಿಕದಲ್ಲಿ ಪಾನನಿಷೇಧ ಕೊನೆಗೊಂಡದ್ದು ಅದರ ಹಿಂದಿನ ವರ್ಷವಷ್ಟೇ. ಬಿಳಿ ವೈನಿನ ಪ್ರೋಟೀನು ತೆಗೆಯಲು ಇಂದು ಜಗತ್ತಿನಾದ್ಯಂತ ಬೆಂಟೊನೈಟ್ ಬಳಕೆಯಲ್ಲಿದೆ. ಸಸ್ಯಾಹಾರಿಗಳ ಅನುಕೂಲಕ್ಕೆಂದು ಯಾರೂ ಇದನ್ನು ಕಂಡುಹಿಡಿಯಲಿಲ್ಲ. ಅದು ಅಗ್ಗವಾಗಿತ್ತು, ಪ್ರೋಟೀನಿಗೆ ಚೆನ್ನಾಗಿ ಒದಗಿತು, ಅಷ್ಟೇ. ಆದರೆ ಮಣ್ಣು ಟ್ಯಾನಿನ್ನನ್ನು ಅಷ್ಟಾಗಿ ಹಿಡಿಯದು. ಕೆಂಪು ವೈನಿನ ಒಗರು ಇಳಿಸಲು ಪ್ರೋಟೀನೇ ಬೇಕು. ಅದಕ್ಕಾಗಿ ಬಟಾಣಿ ಮತ್ತು ಗೋಧಿಯ ಪ್ರೋಟೀನುಗಳಿಗೆ 2004ರಲ್ಲಿ, ಆಲೂಗೆಡ್ಡೆಯ ಪ್ರೋಟೀನಿಗೆ 2013ರಲ್ಲಿ ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆ ಒಪ್ಪಿಗೆ ನೀಡಿತು.

'ಇಲ್ಲ' ಎಂಬ ಮಾತಿನ ಅಳತೆ

ತಯಾರಕರ ವಾದ ಇಷ್ಟೇ: ಹಾಕಿದ ಮೊಟ್ಟೆಯಾಗಲಿ ಮೀನಾಗಲಿ ಗಷ್ಟಿನೊಂದಿಗೆ ತಳ ಸೇರುತ್ತದೆ, ಮೇಲಿನ ತಿಳಿಯನ್ನು ಮಾತ್ರ ಬಾಟಲಿಗೆ ತುಂಬುತ್ತೇವೆ, ಆದ್ದರಿಂದ ಅದು ಪದಾರ್ಥವಲ್ಲ, ಸಂಸ್ಕರಣೆಯ ಸಹಾಯಕ ಮಾತ್ರ. ಭೌತವಿಜ್ಞಾನಿಯಾಗಿ ನಾನು ಇದನ್ನು ಅರ್ಧ ಒಪ್ಪುತ್ತೇನೆ. ಬಹುಪಾಲು ತಳ ಸೇರುವುದು ನಿಜ. ಆದರೆ 'ಇಲ್ಲ' ಎಂದರೆ ನಮ್ಮ ಉಪಕರಣಕ್ಕೆ ಕಾಣಲಿಲ್ಲ ಎಂದಷ್ಟೇ ಅರ್ಥ. 2012ರಿಂದ ಯೂರೋಪಿನಲ್ಲಿ ಮೊಟ್ಟೆ ಅಥವಾ ಹಾಲಿನ ಪ್ರೋಟೀನು ವೈನಿನಲ್ಲಿ ಪತ್ತೆಯಾದರೆ ಅಲರ್ಜಿ ಇರುವವರಿಗಾಗಿ ಬಾಟಲಿಯ ಮೇಲೆ ಹೇಳಬೇಕು. ಪತ್ತೆಯ ಮಿತಿ ಲೀಟರಿಗೆ 0.25 ಮಿಲಿಗ್ರಾಂ. ಅದಕ್ಕಿಂತ ಕಡಿಮೆಯಿದ್ದರೆ ಹೇಳಬೇಕಾಗಿಲ್ಲ. ಮೀನಿನ ಐಸಿಂಗ್ಲಾಸಿಗಂತೂ ಪೂರ್ತಿ ವಿನಾಯಿತಿ. 2023ರ ಡಿಸೆಂಬರಿನಿಂದ ಅಲ್ಲಿ ವೈನಿನ ಪದಾರ್ಥಗಳ ಪಟ್ಟಿ ಕಡ್ಡಾಯವಾಗಿದ್ದರೂ ಸಂಸ್ಕರಣೆಯ ಸಹಾಯಕಗಳು ಅದರಿಂದ ಹೊರಗಿವೆ.

ಅಲರ್ಜಿಯ ಪ್ರಶ್ನೆ ಪ್ರಮಾಣದ್ದು. ಎಷ್ಟು ಇದ್ದರೆ ಅಪಾಯ ಎಂದು ಅಳೆಯಬಹುದು. ಸಸ್ಯಾಹಾರಿಯ ಪ್ರಶ್ನೆ ಬೇರೆ. ಪ್ರಾಣಿಯೊಂದು ಇದಕ್ಕಾಗಿ ಬಳಕೆಯಾಯಿತೇ ಎಂದು ಅವನು ಕೇಳುತ್ತಾನೆ. ಅದಕ್ಕೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬುದು ಉತ್ತರವಾಗದು. ಮೊದಲನೆಯದಕ್ಕೆ ಪ್ರಯೋಗಾಲಯ ಸಾಕು, ಎರಡನೆಯದಕ್ಕೆ ತಯಾರಕನ ಪ್ರಾಮಾಣಿಕ ಮಾತೇ ಬೇಕು.

ನಮ್ಮ ದೇಶದಲ್ಲಿ 2001ರಿಂದ ಪೊಟ್ಟಣಗಳ ಮೇಲೆ ಸಸ್ಯಾಹಾರ, ಮಾಂಸಾಹಾರಗಳ ಗುರುತು ಬಂದಿದೆ. ಹಸಿರು ಚುಕ್ಕೆ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಮದ್ಯಪಾನೀಯಗಳಿಗೆ ಈ ಗುರುತಿನ ನಿಯಮ ಅನ್ವಯಿಸುವುದಿಲ್ಲ. ನಂದಿ ಬೆಟ್ಟದ ತಪ್ಪಲಿನ ವೈನಾಗಲಿ ನಾಸಿಕದ್ದಾಗಲಿ, ಬಾಟಲಿಯ ಮೇಲೆ ಚುಕ್ಕೆ ಇಲ್ಲವೆಂದು ಏನನ್ನೂ ತೀರ್ಮಾನಿಸಲಾಗದು.

ಆರಿಸುವುದು ಹೇಗೆ?

ಮೊದಲಿಗೆ, 'ಸಸ್ಯಾಹಾರಿ' ಎಂಬ ಪದವೇ ಎಲ್ಲೆಡೆ ಒಂದೇ ಅಲ್ಲ. 1847ರಲ್ಲಿ ಸಸ್ಯಾಹಾರಿ ಸಂಘ ಹುಟ್ಟಿದ ಬ್ರಿಟನ್ನಿನಲ್ಲಿ ಸಸ್ಯಾಹಾರಿ ಮೊಟ್ಟೆ ತಿನ್ನುತ್ತಾನೆ. ಹಾಗಾಗಿ ಮೊಟ್ಟೆಯ ಬಿಳಿಯಿಂದ ತಿಳಿಗೊಳಿಸಿದ ವೈನಿಗೂ ಅಲ್ಲಿ 'ಸಸ್ಯಾಹಾರಿಗಳಿಗೆ ಸೂಕ್ತ' ಎಂಬ ಚೀಟಿ ಸಲ್ಲುತ್ತದೆ. ನಮ್ಮಲ್ಲಿ ಹಾಲು ಸರಿ, ಮೊಟ್ಟೆ ಸಲ್ಲದು. 1944ರಲ್ಲಿ ಬ್ರಿಟನ್ನಿನಲ್ಲೇ ಆರಂಭವಾದ ವೀಗನ್ ಸಂಘದವರಿಗೆ ಹಾಲೂ ಸಲ್ಲದು. ಆದ್ದರಿಂದ ನಮ್ಮ ಸಸ್ಯಾಹಾರಿ ಹೊರದೇಶದಲ್ಲಿ ನಂಬಬೇಕಾದದ್ದು 'ವೀಗನ್' ಎಂಬ ಗುರುತನ್ನು. ಅದರಲ್ಲಿ ಮೊಟ್ಟೆ, ಮೀನು, ಜೆಲಾಟಿನ್, ಹಾಲು ಯಾವುದೂ ಇರುವಂತಿಲ್ಲ.

ಎರಡನೆಯದಾಗಿ, 'ಸಾವಯವ' ಎಂದರೆ ಸಸ್ಯಾಹಾರವಲ್ಲ. ಯೂರೋಪಿನ ಸಾವಯವ ವೈನ್ ನಿಯಮ ಮೊಟ್ಟೆ, ಜೆಲಾಟಿನ್, ಐಸಿಂಗ್ಲಾಸ್ ಮೂರಕ್ಕೂ ಅವಕಾಶ ಕೊಟ್ಟಿದೆ. ಮೂರನೆಯದಾಗಿ, ತಿಳಿಕಾರಕ ಹಾಕಿಲ್ಲವೆಂದು ಬರೆದ ಬಾಟಲಿಗಳಿವೆ. ಅವುಗಳ ತಯಾರಕರು ಗುರುತ್ವಕ್ಕೂ ಕಾಲಕ್ಕೂ ಕೆಲಸ ಬಿಟ್ಟವರು. ತಳದಲ್ಲಿ ತುಸು ಗಷ್ಟು ಕಂಡರೆ ಅದು ದೋಷವಲ್ಲ. ಇದಾವುದೂ ಇಲ್ಲದಿದ್ದರೆ ಒಂದೇ ಪ್ರಶ್ನೆ ಸಾಕು: 'ಇದನ್ನು ಯಾವುದರಿಂದ ತಿಳಿಗೊಳಿಸಿದ್ದೀರಿ?'

ತರಗತಿಗೆ ಒಂದು ಪ್ರಯೋಗ

ಹಾಲು ಹಾಕದ ಕಡು ಚಹಾ ಡಿಕಾಕ್ಷನ್ನನ್ನು ಆರಿಸಿ ಎರಡು ಗಾಜಿನ ಲೋಟಗಳಿಗೆ ಹಾಕಿ. ಎರಡಕ್ಕೂ ಅಷ್ಟಷ್ಟೇ ನಿಂಬೆರಸ ಹಿಂಡಿ. ಒಂದಕ್ಕೆ ಮೂರು ನಾಲ್ಕು ಚಮಚ ಹಾಲು ಹಾಕಿ, ಇನ್ನೊಂದಕ್ಕೆ ಅಷ್ಟೇ ನೀರು ಹಾಕಿ. ಆಮ್ಲದಲ್ಲಿ ಕೇಸಿನ್ ಒಡೆದು ಗರಣೆಗಟ್ಟುತ್ತದೆ, ಚಹಾದ ಟ್ಯಾನಿನ್ ಅದಕ್ಕೆ ಅಂಟುತ್ತದೆ. ಒಂದು ಗಂಟೆ ಬಿಟ್ಟು ಎರಡನ್ನೂ ಸೋಸುಕಾಗದದಲ್ಲಿ ಸೋಸಿ ಬಣ್ಣ ಹೋಲಿಸಿ, ಟಾರ್ಚಿನ ಬೆಳಕು ಹಾಯಿಸಿ ಟಿಂಡಾಲ್ ಪರಿಣಾಮ ನೋಡಿ. ವೈನ್ ತಯಾರಕ ಪೀಪಾಯಿಯಲ್ಲಿ ಮಾಡುವುದನ್ನು ಮಕ್ಕಳು ಬೆಂಚಿನ ಮೇಲೆಯೇ ಕಾಣುತ್ತಾರೆ.

ನನ್ನ ವಿದ್ಯಾರ್ಥಿಗೆ ಅಂದು ನಾನು ಇಷ್ಟೆಲ್ಲ ಹೇಳಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಕುಡಿದದ್ದಕ್ಕೆ ಬೇಜಾರಿಲ್ಲ ಸರ್, ಕೇಳದೆ ಕುಡಿದೆನಲ್ಲ, ಅದಕ್ಕೆ ಬೇಜಾರು' ಎಂದ. ತಿಳಿಯಾಗಿರುವುದೆಲ್ಲ ನಮಗೆ ತಿಳಿದಿರುವುದಲ್ಲ. ಪಾರದರ್ಶಕವಾದ ಲೋಟದ ಮುಂದೆಯೂ ಪ್ರಶ್ನೆ ಕೇಳುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಸಿದರೆ ವಿಜ್ಞಾನ ಶಿಕ್ಷಕರಾಗಿ ನಾವು ನಮ್ಮ ಕೆಲಸ ಮಾಡಿದಂತೆ.